ನಮ್ಮ ದಾದಿಗೆ ಗೊತ್ತಿದ್ದ ‘ಚಾರ್ಜ್’

ಜುಲೈ ತಿಂಗಳ ಒಂದು ಸಂಜೆ ನಮ್ಮ ಮನೆಗೆ ಇಂಗ್ಲಿಷಿನಲ್ಲಿ ಒಂದು ಪತ್ರ ಬಂತು. ಅಬ್ಬಾ ಗೂಡ್ಸ್ ಗಾಡಿ ಓಡಿಸುತ್ತಾರೆ. ಆ ಗಾಡಿಗೆ ಸಾಲ ಕೊಟ್ಟ ಕಂಪನಿಯ ಪತ್ರ ಅದು. ಅಬ್ಬಾ ಲೋಡು ತೆಗೆದುಕೊಂಡು ಸವದತ್ತಿಗೆ ಹೋಗಿದ್ದರು. ಮನೆಯಲ್ಲಿ ಇಂಗ್ಲಿಷು ಬರುವವಳೆಂದರೆ ನಾನೇ. ಹಾಗಂತ ಎಲ್ಲರೂ ತಿಳಿದಿದ್ದಾರೆ, ನಾನೂ ಅಲ್ಲಿಯವರೆಗೆ ತಿಳಿದಿದ್ದೆ. ಅಮ್ಮಿ ರೊಟ್ಟಿ ಮಾಡುತ್ತ, “ಕ್ಯಾ ಲಿಖೇ ದೇಖ್ ಬೇಟಾ” ಎಂದರು. ನಾನು ಗಟ್ಟಿಯಾಗಿ ಓದಿದೆ. ಎರಡನೆಯ ಸಾಲಿನಲ್ಲಿ ‘ಯುವರ್ ಅಕೌಂಟ್ ಹ್ಯಾಸ್ ಬೀನ್ ಚಾರ್ಜ್ಡ್’ ಎಂದಿತ್ತು, ಮುಂದೆ 590 ಎಂಬ ಅಂಕಿ ಇತ್ತು.

ನನ್ನ ಹತ್ತಿರ ಇಂಗ್ಲಿಷ್ ಪದಗಳ ಒಂದು ನೋಟ್‌ಬುಕ್ ಇದೆ. ಹೈಸ್ಕೂಲಿನಿಂದ ಬರೆದುಕೊಂಡು ಬಂದದ್ದು. ಎಡಕ್ಕೆ ಇಂಗ್ಲಿಷ್ ಪದ, ನಡುವೆ ಕನ್ನಡ, ಬಲಕ್ಕೆ ಉರ್ದು. ಅದರಲ್ಲಿ ‘ಚಾರ್ಜ್’ ಎದುರಿಗೆ ‘ಆರೋಪ’ ಎಂದು ಬರೆದಿದ್ದೆ, ಉರ್ದುವಿನಲ್ಲಿ ‘ಇಲ್ಜಾಮ್’. ಪೇಪರಿನಲ್ಲಿ ಬರುವ ಚಾರ್ಜ್‌ಶೀಟ್ ಎಂಬ ಮಾತಿನಿಂದ ಅದನ್ನು ತೆಗೆದುಕೊಂಡಿದ್ದೆ. ಆ ಪದ ಬಾಯಿಪಾಠ ಇತ್ತು, ನಿದ್ದೆಯಲ್ಲಿ ಕೇಳಿದರೂ ಹೇಳುತ್ತಿದ್ದೆ. ಆದ್ದರಿಂದ ಅನುಮಾನವೇ ಬರಲಿಲ್ಲ. ಅಬ್ಬಾ ಮೇಲೆ ಕಂಪನಿಯವರು ಆರೋಪ ಹೊರಿಸಿದ್ದಾರೆ, 590 ಅಂದರೆ ಯಾವುದೋ ಕಾನೂನಿನ ಕಲಮು ಇರಬೇಕು ಎಂದು ಹೇಳಿಬಿಟ್ಟೆ.

ಅಮ್ಮಿ ಗ್ಯಾಸ್ ಆರಿಸಿದರು. ದಾದಿ ಅಳಲು ಶುರು ಮಾಡಿದರು. ಪಕ್ಕದ ಮನೆಯಿಂದ ಚಾಚಾ ಬಂದರು. ಅಬ್ಬಾಗೆ ಫೋನು ಹೋಯಿತು. ರಾತ್ರಿ ಅವರು ಮನೆಗೆ ಬಂದಾಗ ಯಾರೂ ಊಟ ಮಾಡಿರಲಿಲ್ಲ. ಮರುದಿನ ರಾಮದುರ್ಗಕ್ಕೆ ಒಂದು ಬಾಡಿಗೆ ಗೊತ್ತಾಗಿತ್ತು. ಅದನ್ನು ಬೇರೆಯವರಿಗೆ ಬಿಟ್ಟುಕೊಟ್ಟು, ಚಾಚಾನನ್ನು ಕರೆದುಕೊಂಡು ಬೆಳಗಾವಿಗೆ ಹೋದರು. ಅಲ್ಲಿ ಕೌಂಟರಿನಲ್ಲಿದ್ದವರು ಎರಡು ನಿಮಿಷದಲ್ಲಿ ಹೇಳಿ ಕಳಿಸಿದರಂತೆ: “ಕಂತಿನ ದಿನ ಖಾತೆದಾಗ ರೊಕ್ಕ ಇರಲಿಲ್ರಿ. ಅದಕ್ಕ 500 ರೂಪಾಯಿ ಚಾರ್ಜು, ಅದರ ಮ್ಯಾಲೆ ನೂರಕ್ಕ 18ರಂಗ ಜಿಎಸ್‌ಟಿ 90. ಒಟ್ಟು 590. ಅಷ್ಟ.”

ಅಬ್ಬಾ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸುತ್ತದೆ. “ಜಾನೇ ದೇ ಬೇಟಾ” ಎಂದು ಗಾಡಿ ತೊಳೆಯಲು ಹೋದರು. ಆದರೆ ದಾದಿ ಕೇಳಿದ ಒಂದು ಮಾತು ಇವತ್ತಿಗೂ ನನ್ನ ತಲೆಯಲ್ಲಿದೆ. “ಚಾರ್ಜ್ ಬೋಲೇ ತೋ ಪೈಸೇ ನಾ? ಇತ್ತಾ ಬೀ ನೈ ಮಾಲೂಮ್ ಕ್ಯಾ ತುಜೇ?” ಚಾರ್ಜ್ ಅಂದರೆ ದುಡ್ಡಲ್ಲವೇ, ಇಷ್ಟೂ ಗೊತ್ತಿಲ್ಲವೇ ನಿನಗೆ?

ದಾದಿ ಶಾಲೆಗೆ ಹೋದವರಲ್ಲ. ಆ ಮಾತಿನ ಮೇಲೆ ನಾನು ಬಹಳ ದಿನ ಯೋಚಿಸಿದೆ. ದಾದಿಗೆ ‘ಚಾರ್ಜ್’ ಪದದ ಎಷ್ಟು ಅರ್ಥ ಗೊತ್ತಿವೆ ಎಂದು ಲೆಕ್ಕ ಹಾಕಿದೆ. ಬಸ್ ಚಾರ್ಜ್ ಅಂದರೆ ದುಡ್ಡು ಎಂದು ಗೊತ್ತು. (2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ಅವರು ಅದನ್ನು ಕೊಡುತ್ತಿಲ್ಲ. ಆದರೂ ಕಂಡಕ್ಟರನ್ನು ಈಗಲೂ “ಚಾರ್ಜ್ ಎಷ್ಟು” ಎಂದು ಕೇಳಿ ತಿಳಿದುಕೊಳ್ಳುತ್ತಾರೆ.) ಫೋನ್ ಚಾರ್ಜ್ ಅಂದರೆ ಕರೆಂಟು ತುಂಬಿಸುವುದು ಎಂದು ಗೊತ್ತು. ಟಿವಿಯಲ್ಲಿ ಲಾಠಿ ಚಾರ್ಜ್ ಎಂದರೆ ಪೊಲೀಸರು ಹೊಡೆಯುತ್ತ ನುಗ್ಗಿದರು ಎಂದು ಗೊತ್ತು. ಹೊಸ ಸಾಹೇಬರು ಚಾರ್ಜ್ ತೆಗೆದುಕೊಂಡರು ಅಂದರೆ ಅಧಿಕಾರ ವಹಿಸಿಕೊಂಡರು ಎಂದು ಗೊತ್ತು. ಕಣ್ಣಿನ ಆಪರೇಷನ್ ಆದಾಗ “ಡಿಸ್ಚಾರ್ಜ್ ಯಾವಾಗ ಮಾಡ್ತೀರಿ” ಎಂದು ನರ್ಸ್ ಅವರನ್ನು ದಿನಕ್ಕೆ ನಾಲ್ಕು ಸಲ ಕೇಳಿದವರು ಅವರೇ. ಚಾರ್ಜ್‌ಶೀಟೂ ಗೊತ್ತು, ಧಾರಾವಾಹಿಯಲ್ಲಿ ಬರುತ್ತದೆ.

ನೋಟ್‌ಬುಕ್ ಇಟ್ಟುಕೊಂಡ ನನಗೆ ಒಂದು ಅರ್ಥ. ಅಕ್ಷರ ಬಾರದ ದಾದಿಗೆ ಐದಾರು. ನನಗೂ ಅವೆಲ್ಲ ಗೊತ್ತಿದ್ದವು ಎಂಬುದೇ ನಾಚಿಕೆಯ ವಿಷಯ. ಅವು ‘ಇಂಗ್ಲಿಷ್’ ಎಂದು ನನಗೆ ಹೊಳೆದಿರಲಿಲ್ಲ. ಇಂಗ್ಲಿಷ್ ಎಂದರೆ ನೋಟ್‌ಬುಕ್ಕಿನಲ್ಲಿ ಇರುವುದು, ಬಸ್ಸಿನಲ್ಲಿ ಕೇಳಿಸುವುದಲ್ಲ ಎಂದು ಎಲ್ಲೋ ಒಳಗೆ ಕುಳಿತುಬಿಟ್ಟಿದೆ.

ದಾದಿಗೆ ಗೊಂದಲ ಏಕಿಲ್ಲ ಎಂದರೆ ಅವರು ಆ ಪದವನ್ನು ಒಂಟಿಯಾಗಿ ಎಂದೂ ಕೇಳಿಲ್ಲ. ಪ್ರತಿ ಸಲವೂ ಅದು ಜೋಡಿಯೊಂದಿಗೆ ಬಂದಿದೆ. ಬಸ್ಸಿನ ಜೊತೆ, ಫೋನಿನ ಜೊತೆ, ಲಾಠಿಯ ಜೊತೆ, ಸಾಹೇಬರ ಜೊತೆ. ನಾನು ಮಾತ್ರ ಅದನ್ನು ಮನೆಮಂದಿಯಿಂದ ಬಿಡಿಸಿ ತಂದು, ಒಂದು ಗೆರೆಯ ಪಕ್ಕದಲ್ಲಿ ಒಬ್ಬಂಟಿಯಾಗಿ ನಿಲ್ಲಿಸಿದ್ದೆ.

ಹಾಗೆ ನೋಡಿದರೆ ನಮ್ಮ ಕಡೆಯ ‘ಹಚ್ಚು’ ಎಂಬ ಮಾತು ಯಾವ ಇಂಗ್ಲಿಷ್ ಪದಕ್ಕೂ ಕಡಿಮೆಯಿಲ್ಲ. ದೀಪ ಹಚ್ಚುತ್ತೇವೆ, ತಲೆಗೆ ಎಣ್ಣೆ ಹಚ್ಚುತ್ತೇವೆ, ಫೋನ್ ಹಚ್ಚುತ್ತೇವೆ, ಮಗುವನ್ನು ಸಾಲಿಗೆ ಹಚ್ಚುತ್ತೇವೆ, ಆಳನ್ನು ಕೆಲಸಕ್ಕೆ ಹಚ್ಚುತ್ತೇವೆ. ನಾನು ಉರ್ದು ಮಾತಾಡುವ ಮನೆಯವಳು. ಚಿಕ್ಕವಳಿದ್ದಾಗ ನನಗೆ ಗೊತ್ತಿದ್ದದ್ದು ದೀಪ ಹಚ್ಚುವುದು ಒಂದೇ. ಒಮ್ಮೆ ಓಣಿಯಲ್ಲಿ ಯಾರೋ ಅಬ್ಬಾಗೆ “ಗಾಡಿ ಸೈಡಿಗೆ ಹಚ್ರೀ” ಎಂದು ಕೂಗಿದಾಗ, ನಮ್ಮ ಗಾಡಿಗೆ ಬೆಂಕಿ ಹಚ್ಚುತ್ತಾರೆಂದು ಓಡಿಹೋಗಿ ಅಮ್ಮಿಯ ಸೆರಗು ಹಿಡಿದಿದ್ದೆನಂತೆ. ಇದನ್ನು ನಮ್ಮ ಮನೆಯಲ್ಲಿ ಪ್ರತಿ ಈದ್‌ಗೂ ನೆನೆಸಿ ನಗುತ್ತಾರೆ. ಆ ಮೇಲೆ ‘ಹಚ್ಚು’ ನನಗೆ ಬಂತು. ಯಾರೂ ಅದರ ಹತ್ತು ಅರ್ಥಗಳ ಪಟ್ಟಿ ಕೊಟ್ಟು ಮರುದಿನ ಒಪ್ಪಿಸು ಎನ್ನಲಿಲ್ಲ. ಉರ್ದುವಿನ ‘ಲಗಾನಾ’ ಕೂಡ ಹಾಗೆಯೇ. ಮೆಹಂದಿ ಲಗಾನಾ, ಇಲ್ಜಾಮ್ ಲಗಾನಾ, ಫೋನ್ ಚಾರ್ಜಿಂಗಿಗೆ ಲಗಾನಾ, ದಿಲ್ ಲಗಾನಾ. ಎರಡು ಭಾಷೆಯಲ್ಲಿ ಇಂಥ ಪದಗಳನ್ನು ಆಡಿಕೊಂಡು ಬೆಳೆದ ನಾವು ಮೂರನೆಯದರ ಎದುರು ಮಾತ್ರ ಯಾಕೆ ಹೆದರುತ್ತೇವೆ?

ಹೆದರಿಕೆಗೆ ಕಾರಣ ಇದೆ. ಅದನ್ನು ಬರೆಯುವುದು ನನಗೆ ಕಷ್ಟ, ಏಕೆಂದರೆ ಅದರಲ್ಲಿ ನನ್ನ ಪಾಲೂ ಇದೆ.

ನಮ್ಮಲ್ಲಿ ಬಹಳಷ್ಟು ಮಂದಿ ಹತ್ತನೆಯವರೆಗೆ ಉರ್ದು ಅಥವಾ ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು. ಕಾಮರ್ಸ್ ಸೇರಿದ ದಿನದಿಂದ ಪುಸ್ತಕ ಇಂಗ್ಲಿಷಿನದು. ಬಿಸಿನೆಸ್ ಸ್ಟಡೀಸ್‌ನಲ್ಲಿ ಹೆನ್ರಿ ಫಯೋಲ್ ಹೇಳಿದ ಆಡಳಿತದ 14 ತತ್ತ್ವಗಳ ಪಾಠ ಇದೆ. ಅವುಗಳಲ್ಲಿ ಒಂದು, ಸಂಸ್ಥೆಯ ‘ಜನರಲ್ ಇಂಟರೆಸ್ಟ್’ ಮುಂದೆ ಒಬ್ಬ ವ್ಯಕ್ತಿಯ ‘ಇಂಡಿವಿಜುವಲ್ ಇಂಟರೆಸ್ಟ್’ ತಗ್ಗಿ ನಡೆಯಬೇಕು ಎಂಬುದು. ಇಲ್ಲಿ ಇಂಟರೆಸ್ಟ್ ಎಂದರೆ ಹಿತ. ಇದನ್ನು ನಿಮ್ಮ ಮಾತಿನಲ್ಲಿ ಹೇಳಿ ಎಂದು ಮೇಡಂ ಕೇಳಿದಾಗ, ರಾಮದುರ್ಗದ ಕಡೆಯಿಂದ ಬರುವ ನಮ್ಮ ಸಹಪಾಠಿಯೊಬ್ಬ ಎದ್ದು ನಿಂತು, “ಒಬ್ಬ ಮನುಷ್ಯಾನ ಬಡ್ಡಿ ಕಡಿಮಿ ಇರಬೇಕು, ಎಲ್ಲಾರ ಬಡ್ಡಿ ಜಾಸ್ತಿ ಇರಬೇಕು” ಎಂದ. ಇಡೀ ಕ್ಲಾಸು ನಕ್ಕಿತು. ನಾನೂ ನಕ್ಕೆ.

ಅವನು ಹೇಳಿದ್ದು ತಪ್ಪು, ಆದರೆ ದಡ್ಡತನ ಅಲ್ಲ. ನಮಗೆ ಇಂಟರೆಸ್ಟ್ ಎಂದರೆ ಮೊದಲು ಕಲಿಸಿದ್ದೇ ಬಡ್ಡಿ. ಏಳನೆಯ ತರಗತಿಯ ಗಣಿತದಿಂದ ಅಕೌಂಟೆನ್ಸಿಯವರೆಗೆ ಇಂಟರೆಸ್ಟ್ ಅಂದರೆ ಬಡ್ಡಿಯೇ. ಅವನು ತನಗೆ ಗೊತ್ತಿದ್ದ ಒಂದು ಅರ್ಥವನ್ನು ಹಿಡಿದುಕೊಂಡು ಪ್ರಾಮಾಣಿಕವಾಗಿ ವಾಕ್ಯವನ್ನು ಬಿಡಿಸಲು ನೋಡಿದ. ನಾನು ಪತ್ರ ಓದುವಾಗ ಮಾಡಿದ್ದೂ ಅದನ್ನೇ. ನನ್ನ ತಪ್ಪಿಗೆ ಅಬ್ಬಾ ಒಂದು ದಿನದ ಬಾಡಿಗೆ ಕಳೆದುಕೊಂಡರು, ಯಾರೂ ನಗಲಿಲ್ಲ. ಅವನ ತಪ್ಪಿಗೆ ಒಂದು ರೂಪಾಯಿಯೂ ನಷ್ಟ ಆಗಲಿಲ್ಲ, ಆದರೆ ಅವತ್ತಿನಿಂದ ಅವನು ಕ್ಲಾಸಿನಲ್ಲಿ ಎದ್ದು ನಿಂತಿಲ್ಲ. ಹಾಜರಿ ಕೂಗಿದಾಗ ‘ಎಸ್ ಮೇಡಂ’ ಎನ್ನುವುದು ಬಿಟ್ಟರೆ ಅವನ ದನಿ ಕೇಳಿ ತಿಂಗಳುಗಳಾದವು.

ನನ್ನ ‘ಚಾರ್ಜ್’ ಸರಿಹೋದದ್ದು ಅಕೌಂಟೆನ್ಸಿ ಕ್ಲಾಸಿನಲ್ಲಿ. ಪಾಲುದಾರಿಕೆಯ ಲೆಕ್ಕದಲ್ಲಿ ಎಲ್ಲರನ್ನೂ ಗೋಳಾಡಿಸುವ ಒಂದು ವ್ಯತ್ಯಾಸ ಇದೆ. ಕೆಲವು ಖರ್ಚುಗಳು ‘ಚಾರ್ಜ್ ಅಗೇನ್ಸ್ಟ್ ಪ್ರಾಫಿಟ್’, ಕೆಲವು ‘ಅಪ್ರೊಪ್ರಿಯೇಷನ್ ಆಫ್ ಪ್ರಾಫಿಟ್’. ಪಾಲುದಾರ ಸಂಸ್ಥೆಗೆ ಕೊಟ್ಟ ಸಾಲದ ಬಡ್ಡಿ ಮೊದಲನೆಯದು. ಅವನ ಬಂಡವಾಳದ ಮೇಲಿನ ಬಡ್ಡಿ ಸಾಮಾನ್ಯವಾಗಿ ಎರಡನೆಯದು. ಎರಡೂ ಬಡ್ಡಿಯೇ, ಇಬ್ಬರೂ ಪಾಲುದಾರರೇ, ಹಾಗಾದರೆ ಒಂದು ಇಲ್ಲಿ ಒಂದು ಅಲ್ಲಿ ಯಾಕೆ? ಮೊದಲ ಟೆಸ್ಟಿನಲ್ಲಿ ನಾನು ಅದಲು ಬದಲು ಬರೆದು ಅಂಕ ಕಳೆದುಕೊಂಡಿದ್ದೆ. ಪೇಪರ್ ಕೊಡುವಾಗ ಸರ್ ಬೋರ್ಡಿನ ಕಡೆ ತಿರುಗದೆ, ಕನ್ನಡದಲ್ಲೇ ಒಂದು ಮಾತು ಹೇಳಿದರು: “ಚಾರ್ಜ್ ಅಂದ್ರ ಹೊರಿ. ಲಾಭ ಬರಲಿ, ಲುಕ್ಸಾನ ಆಗಲಿ, ಹೊರಬೇಕು.”

ಹೊರೆ! ಆ ಒಂದು ಶಬ್ದದಿಂದ ಇಡೀ ಪಾಠ ತೆರೆದುಕೊಂಡಿತು. ಒಬ್ಬ ಪಾಲುದಾರ ಸಂಸ್ಥೆಗೆ 1,00,000 ರೂಪಾಯಿ ಸಾಲ ಕೊಟ್ಟಿದ್ದಾನೆ ಎನ್ನಿ. ಒಪ್ಪಂದದಲ್ಲಿ ಬಡ್ಡಿಯ ಮಾತೇ ಇಲ್ಲ. ಆಗ 1932ರ ಪಾಲುದಾರಿಕೆ ಕಾಯ್ದೆಯಂತೆ ವರ್ಷಕ್ಕೆ ನೂರಕ್ಕೆ 6, ಅಂದರೆ 6,000 ಕೊಡಬೇಕು. ಆ ವರ್ಷ ಸಂಸ್ಥೆ ಗಳಿಸಿದ್ದು ಬರೀ 4,000. ಆದರೂ 6,000 ಕೊಡಲೇಬೇಕು, 2,000 ನಷ್ಟ ತೋರಿಸಬೇಕು. ಅದು ಗಾಡಿಯ ಮೇಲೆ ಏರಿದ ಹೊರೆ, ರಸ್ತೆ ಏರಾಗಲಿ ಇಳಿಜಾರಾಗಲಿ ಎಳೆಯಬೇಕು. ಬಂಡವಾಳದ ಬಡ್ಡಿ ಹಾಗಲ್ಲ, ಅದು ಕಣದಲ್ಲಿ ರಾಶಿ ಆದ ಮೇಲೆ ಹಂಚಿಕೊಳ್ಳುವ ಪಾಲು. ರಾಶಿಯೇ ಇಲ್ಲದಿದ್ದರೆ ಪಾಲು ಎಲ್ಲಿಂದ? ಅಪ್ರೊಪ್ರಿಯೇಷನ್ ಎಂಬ ಬಾಯಿ ತುಂಬುವ ಪದವನ್ನು ನಾನು ಈಗ ‘ರಾಶಿಯ ಪಾಲು’ ಎಂದು ನೆನಪಿಟ್ಟಿದ್ದೇನೆ. ಎರಡನೆಯ ಟೆಸ್ಟಿನಲ್ಲಿ ತಪ್ಪಲಿಲ್ಲ.

ಅವತ್ತು ಮಧ್ಯಾಹ್ನ ಗ್ರಂಥಾಲಯಕ್ಕೆ ಹೋಗಿ ಹಳೆಯ ಆಕ್ಸ್‌ಫರ್ಡ್ ನಿಘಂಟಿನಲ್ಲಿ ‘ಚಾರ್ಜ್’ ತೆಗೆದೆ. ಪದದ ಹುಟ್ಟನ್ನು ನಿಘಂಟಿನವರು ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಕೊಟ್ಟಿರುತ್ತಾರೆ, ನಾವು ಯಾರೂ ಅಲ್ಲಿಯವರೆಗೆ ಹೋಗುವುದಿಲ್ಲ. ಸರ್ ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ಲ್ಯಾಟಿನ್‌ನಲ್ಲಿ ‘ಕಾರುಸ್’ ಎಂದರೆ ಬಂಡಿ. ಆ ಬಂಡಿಗೆ ಹೇರು ತುಂಬುವುದಕ್ಕೆ ಒಂದು ಕ್ರಿಯಾಪದ ಹುಟ್ಟಿ, ಫ್ರೆಂಚ್ ಭಾಷೆಯ ಮೂಲಕ ಇಂಗ್ಲಿಷಿಗೆ ಬಂದು ‘ಚಾರ್ಜ್’ ಆಯಿತು. ಅದೇ ಬಂಡಿಯಿಂದ ಕಾರ್ ಬಂತು, ಕ್ಯಾರಿ ಬಂತು, ಹಡಗಿನ ಕಾರ್ಗೋ ಬಂತು. ಅಂದರೆ ಚಾರ್ಜ್ ಎಂಬುದು ಹುಟ್ಟಿನಲ್ಲಿ ಅಬ್ಬಾ ದಿನಾ ಮಾಡುವ ಕೆಲಸ, ಗಾಡಿಗೆ ಲೋಡು ಮಾಡುವುದು! ಗ್ರಂಥಾಲಯದಲ್ಲಿ ನಾನು ಒಬ್ಬಳೇ ನಕ್ಕದ್ದನ್ನು ನೋಡಿ ಲೈಬ್ರರಿಯನ್ ಸರ್ ಕನ್ನಡಕ ಎತ್ತಿ ನೋಡಿದರು.

ಈಗ ದಾದಿಯ ಅರ್ಥಗಳನ್ನು ಈ ಬಂಡಿಯ ಪಕ್ಕ ಇಟ್ಟು ನೋಡಿ. ಗಿರಾಕಿಯ ಮೇಲೆ ಹೇರಿದ ದುಡ್ಡು ಚಾರ್ಜ್. ಬ್ಯಾಟರಿಗೆ ತುಂಬಿದ ಕರೆಂಟು ಚಾರ್ಜ್, ಮತ್ತೆ ತುಂಬಿದರೆ ರೀಚಾರ್ಜ್. ಅಧಿಕಾರಿಯ ಹೆಗಲ ಮೇಲೆ ಬಂದ ಹೊಣೆ ಚಾರ್ಜ್. ಆರೋಪಿಯ ಮೇಲೆ ಹೊರಿಸಿದ ತಪ್ಪು ಚಾರ್ಜ್. ಹೊರೆ ಇಳಿಸಿದರೆ ಡಿಸ್ಚಾರ್ಜ್. ಆಸ್ಪತ್ರೆಯವರು ದಾದಿಯನ್ನು ಇಳಿಸಿ ಕಳಿಸಿದರು, ಸಂಸ್ಥೆ ಮುಚ್ಚುವಾಗ ಸಾಲವನ್ನು ತೀರಿಸಿ ಇಳಿಸುವುದಕ್ಕೂ ನಮ್ಮ ಅಕೌಂಟೆನ್ಸಿ ಪುಸ್ತಕ ಅದೇ ಪದ ಬಳಸುತ್ತದೆ.

ಇದಕ್ಕಿಂತ ನನಗೆ ಹೆಚ್ಚು ಖುಷಿ ಕೊಟ್ಟದ್ದು ಕನ್ನಡ. ಕನ್ನಡವೂ ಇದೇ ದಾರಿಯಲ್ಲಿ ನಡೆದಿದೆ, ಯಾರನ್ನೂ ನೋಡಿ ಕಲಿತದ್ದಲ್ಲ. ಕಟ್ಟಿಗೆ ಹೊರುತ್ತೇವೆ, ಹೊಣೆ ಹೊರುತ್ತೇವೆ, ತಪ್ಪು ಹೊರಿಸುತ್ತೇವೆ. ಚಕ್ಕಡಿಗೆ ಹೇರು ಹೇರುತ್ತೇವೆ, ಸರಕಾರ ತೆರಿಗೆ ಹೇರುತ್ತದೆ. ನಾನು ಆ ಸಂಜೆ ಅಮ್ಮಿಗೆ “ಆರೋಪ ಹೊರಿಸಿದ್ದಾರೆ” ಎಂದೆನಲ್ಲ, ಆ ‘ಹೊರಿಸಿದ್ದಾರೆ’ಯಲ್ಲೇ ಬಂಡಿ ಇತ್ತು. ಬಾಯಲ್ಲಿ ಇಟ್ಟುಕೊಂಡು ಊರೆಲ್ಲ ಹುಡುಕಿದಂತಾಯಿತು. ಉರ್ದುವಿಗೆ ಫಾರಸಿಯಿಂದ ಬಂದ ‘ಬಾರ್’ ಎಂದರೂ ಹೊರೆಯೇ. ನಮ್ಮ ಬೈಲಹೊಂಗಲದ ಮಾರ್ಕೆಟ್ಟಿನಲ್ಲಿ ಹಮಾಲರು ಚೀಲಗಳಿಗೆ ಬಾರದಾನ ಎನ್ನುತ್ತಾರಲ್ಲ, ಅದರೊಳಗೆ ಆ ‘ಬಾರ್’ ಕೂತಿದೆ. ಸಂಸ್ಕೃತದ ಭಾರ, ಇಂಗ್ಲಿಷಿನ ‘ಬೇರ್’, ಅಂದರೆ ಹೊರು ಎಂಬ ಕ್ರಿಯಾಪದ, ಇವೂ ಅದೇ ಬಳಗದವು.

ಉಳಿದದ್ದು ಲಾಠಿ ಚಾರ್ಜ್, ಮೇಲೆ ಬಿದ್ದು ನುಗ್ಗುವುದು. ಇದು ಬಂಡಿಗೆ ಅಷ್ಟು ಸುಲಭವಾಗಿ ಹೊಂದುವುದಿಲ್ಲ. ಇಡೀ ಭಾರ ಮೈಮೇಲೆ ಬಿದ್ದಂತೆ ಎಂದು ನಾನು ನೆನಪಿಟ್ಟಿದ್ದೇನೆ. ಅದು ನನ್ನ ನೆನಪಿನ ಉಪಾಯ, ನಿಘಂಟಿನ ಮಾತಲ್ಲ.

ಇದನ್ನು ಪರೀಕ್ಷೆ ಮಾಡಿ ನೋಡಲು ನಮಗೆಲ್ಲ ಗೊತ್ತಿರುವ ಕಥೆಯೊಂದನ್ನು ತೆಗೆದುಕೊಂಡೆ. 2024ರ ಅಕ್ಟೋಬರಿನಲ್ಲಿ ಕಿತ್ತೂರಿನ ವಿಜಯಕ್ಕೆ 200 ವರ್ಷ ತುಂಬಿದಾಗ ಉತ್ಸವಕ್ಕೆ ಹೋಗಿದ್ದೆವು. ಆಗ ನಾನು ಮೊದಲ ಪಿಯು. ಕೋಟೆಯ ಬಿದ್ದ ಗೋಡೆಗಳ ನಡುವೆ ನಿಂತು ಕೇಳಿದ ಕಥೆಯನ್ನು ಈಗ ಇಂಗ್ಲಿಷಿನಲ್ಲಿ ನಾನೇ ಬರೆದು ನೋಡಿದೆ. 1824ರಲ್ಲಿ ದೊರೆ ತೀರಿಕೊಂಡ ಮೇಲೆ ದತ್ತು ಮಗನನ್ನು ಕಂಪನಿ ಸರಕಾರ ಒಪ್ಪಲಿಲ್ಲ. ಧಾರವಾಡದ ಕಲೆಕ್ಟರ್ ಥ್ಯಾಕರೆ ಬಂದು ಖಜಾನೆಗೆ ಮುದ್ರೆ ಹಾಕಿ ಕಾವಲು ಇಟ್ಟ. ಅಂದರೆ ಖಜಾನೆಯ ಚಾರ್ಜ್ ತೆಗೆದುಕೊಂಡ. ಅಕ್ಟೋಬರ್ 23ರಂದು ಕೋಟೆಯ ಬಾಗಿಲು ತೆರೆದು ಚೆನ್ನಮ್ಮನ ಸೈನ್ಯ ಹೊರಗೆ ನುಗ್ಗಿತು, ಅದೂ ಚಾರ್ಜ್. ಥ್ಯಾಕರೆಯನ್ನು ಹೊಡೆದುರುಳಿಸಿದವನು ಅಮಟೂರು ಬಾಳಪ್ಪ ಎಂದು ನಮ್ಮ ಕಡೆ ಸಣ್ಣ ಮಕ್ಕಳೂ ಹೇಳುತ್ತಾರೆ. ಆ ಕಾಲದ ಬಂದೂಕಿಗೆ ತುಂಬುವ ಮದ್ದಿನ ಅಳತೆಗೂ ಇಂಗ್ಲಿಷಿನಲ್ಲಿ ಚಾರ್ಜ್ ಎಂದೇ ಹೆಸರು. ಒಂದೇ ಕಥೆಯಲ್ಲಿ ಮೂರು ಚಾರ್ಜ್ ಸಿಕ್ಕವು. ಇನ್ನು ನಾನು ಸತ್ತರೂ ಇವುಗಳನ್ನು ಮರೆಯುವುದಿಲ್ಲ. ಪಟ್ಟಿಯಲ್ಲಿ ಬರೆದಿದ್ದರೆ ಬರುವ ವಾರಕ್ಕೆ ಮರೆಯುತ್ತಿದ್ದೆ.

ಇದನ್ನೆಲ್ಲ ಹೇಳಿದಾಗ ಗೆಳತಿಯೊಬ್ಬಳು, “ಇಷ್ಟೆಲ್ಲ ಯಾಕ ಬೇಕ, ಫೋನಿನ್ಯಾಗ ಟ್ರಾನ್ಸ್‌ಲೇಟ್ ಐತೆಲ್ಲ” ಎಂದಳು. ಸರಿ ಎಂದು ಅದನ್ನೂ ನೋಡಿದೆವು. ಒಂಟಿ ಪದ ಹಾಕಿದರೆ ಫೋನೂ ಮೊದಲು ಒಂದೇ ಉತ್ತರ ಕೊಟ್ಟಿತು. ಪತ್ರದ ಇಡೀ ವಾಕ್ಯ ಹಾಕಿದಾಗ ಸರಿಯಾಗಿ ಹೇಳಿತು. ಅದಕ್ಕೂ ಜೋಡಿ ಬೇಕು. ಆದರೆ ಪರೀಕ್ಷೆಯ ಹಾಲಿನಲ್ಲಿ ಫೋನ್ ಇರುವುದಿಲ್ಲ, ಎದುರಿಗೆ ಕುಳಿತು ಮಾತಾಡುವ ಬ್ಯಾಂಕಿನವರ ಮುಂದೆಯೂ ಪ್ರತಿ ವಾಕ್ಯಕ್ಕೆ ಫೋನ್ ತೆಗೆಯಲು ಆಗುವುದಿಲ್ಲ.

ಇನ್ನೊಂದು ಆಕ್ಷೇಪ ಸ್ಟಾಫ್ ಕಡೆಯಿಂದ ಬರುತ್ತದೆ ಎಂದು ಗೊತ್ತು. ಇಂಗ್ಲಿಷ್ ಕಲಿಯಬೇಕಾದರೆ ಇಂಗ್ಲಿಷಿನಲ್ಲೇ ಯೋಚಿಸಬೇಕು, ಕನ್ನಡ ಉರ್ದು ಬೆರೆಸಿದರೆ ಎರಡೂ ಕೆಡುತ್ತವೆ ಎಂದು ನಮಗೆ ಹಲವು ಸಲ ಹೇಳಿದ್ದಾರೆ. ನಮ್ಮ ಒಳ್ಳೆಯದಕ್ಕೇ ಹೇಳುತ್ತಾರೆ. ಆದರೂ ವಿನಯದಿಂದ ನಾನು ಇದನ್ನು ಒಪ್ಪುವುದಿಲ್ಲ. ‘ಹೊರಿ’ ಎಂದು ಸರ್ ಕನ್ನಡದಲ್ಲಿ ಹೇಳದಿದ್ದರೆ ನನಗೆ ಆ ಇಂಗ್ಲಿಷ್ ಪದ ಇವತ್ತಿಗೂ ಬರುತ್ತಿರಲಿಲ್ಲ. ಇಂಗ್ಲಿಷಿನಲ್ಲೇ ಯೋಚಿಸಬೇಕಾದರೆ ಮೊದಲು ಇಂಗ್ಲಿಷ್ ಒಳಗೆ ಇಳಿದಿರಬೇಕು. ಅದು ಇಳಿಯುವುದು ನಮಗೆ ಆಗಲೇ ಗೊತ್ತಿರುವ ಮಾತಿನ ಮೆಟ್ಟಿಲಿನಿಂದ. ಮೆಟ್ಟಿಲು ತೆಗೆದು ಮಹಡಿ ಹತ್ತು ಎಂದರೆ ಹತ್ತುವವರು ಯಾರು? ಮನೆಯಲ್ಲಿ ಇಂಗ್ಲಿಷ್ ಪೇಪರ್ ತರಿಸುವವರ ಮಕ್ಕಳು ಮಾತ್ರ. ನಮ್ಮ ಕಾಲೇಜು ಅವರಿಗಾಗಿ ಮಾತ್ರ ಇರುವುದಲ್ಲ ಎಂದು ನಾನು ತಿಳಿದಿದ್ದೇನೆ.

ಈ ಉಪಾಯ ಎಲ್ಲಾ ಪದಕ್ಕೂ ನಡೆಯುವುದಿಲ್ಲ ಎಂಬುದನ್ನೂ ಹೇಳಬೇಕು. ಕ್ರಿಕೆಟ್ಟಿನ ಬ್ಯಾಟ್ ಮತ್ತು ಬಾವಲಿ ಎಂಬ ಬ್ಯಾಟ್ ಎರಡಕ್ಕೂ ಯಾವ ಸಂಬಂಧವೂ ಇಲ್ಲ, ಒಂದೇ ಹೆಸರಿನ ಇಬ್ಬರು ಒಂದೇ ಬೆಂಚಿನಲ್ಲಿ ಕೂತಂತೆ. ಅಂಥವನ್ನು ಬೇರೆ ಬೇರೆ ಪದಗಳೆಂದೇ ಕಲಿಯಬೇಕು, ಬಲವಂತವಾಗಿ ಕಥೆ ಕಟ್ಟಬಾರದು. ಇನ್ನು ‘ರನ್’ ಎಂಬ ಪುಟ್ಟ ಕ್ರಿಯಾಪದಕ್ಕೆ ಆಕ್ಸ್‌ಫರ್ಡಿನ ದೊಡ್ಡ ನಿಘಂಟಿನವರು 645 ಅರ್ಥಗಳನ್ನು ಎಣಿಸಿದ್ದಾರಂತೆ. ಅದನ್ನು ಯಾರೂ ಪೂರ್ತಿ ಕಲಿಯುವುದಿಲ್ಲ, ಇಂಗ್ಲೆಂಡಿನಲ್ಲಿ ಹುಟ್ಟಿದವರೂ ಸಹ. ಎದುರಿಗೆ ಬಂದ ವಾಕ್ಯದಲ್ಲಿ ಯಾವುದು ಎಂದು ಕಂಡುಹಿಡಿಯುವುದಷ್ಟೇ ಕೆಲಸ.

ಇಂಟರೆಸ್ಟ್ ಪದವನ್ನೂ ಹುಡುಕಿದೆ. ಲ್ಯಾಟಿನ್‌ನಲ್ಲಿ ಅದು ‘ನಡುವೆ ಇರುವುದು’ ಎಂಬುದರಿಂದ ಬಂದಿದೆ. ಒಂದು ವಿಷಯಕ್ಕೂ ನನಗೂ ನಡುವೆ ಏನೋ ಇದೆ, ಅದು ನನಗೆ ಸಂಬಂಧಿಸಿದ್ದು ಎಂಬ ಅರ್ಥ. ಕ್ರಿಕೆಟ್ಟಿನಲ್ಲಿ ಇಂಟರೆಸ್ಟ್ ಇದೆ ಎಂದರೆ ಆಸಕ್ತಿ, ಉರ್ದುವಿನ ದಿಲ್‌ಚಸ್ಪಿ. ಕಾರ್ಮಿಕರ ಇಂಟರೆಸ್ಟ್ ಎಂದರೆ ಹಿತ. ಸಾಲದ ಇಂಟರೆಸ್ಟ್ ಎಂದರೆ ಬಡ್ಡಿ, ಸೂದ್. ಬಡ್ಡಿಗೂ ಹಿತಕ್ಕೂ ಒಂದೇ ಪದ ಎಂದು ಹೇಳಿದಾಗ ದಾದಿ “ತೌಬಾ” ಎಂದು ಕೆನ್ನೆ ಮುಟ್ಟಿಕೊಂಡರು. ಆ ಚರ್ಚೆ ಮನೆಯಲ್ಲಿ ಇನ್ನೂ ಮುಗಿದಿಲ್ಲ.

ಪದಗಳನ್ನು ಎಲ್ಲರ ಮುಂದೆ ಕೇಳುವುದು ಅವಮಾನದ ಕೆಲಸವಲ್ಲ. ಜಿ. ವೆಂಕಟಸುಬ್ಬಯ್ಯನವರು ಪ್ರಜಾವಾಣಿಯ ‘ಇಗೋ ಕನ್ನಡ’ ಅಂಕಣದಲ್ಲಿ ಓದುಗರು ಕೇಳಿದ ಪದಗಳಿಗೆ ವರ್ಷಗಟ್ಟಲೆ ಉತ್ತರ ಬರೆದರು. 2021ರಲ್ಲಿ ತೀರಿಕೊಂಡಾಗ ಅವರಿಗೆ 107 ವರ್ಷ. ದೊಡ್ಡ ದೊಡ್ಡವರು ನಾಡಿನ ಪತ್ರಿಕೆಯಲ್ಲಿ ‘ಈ ಪದದ ಅರ್ಥವೇನು’ ಎಂದು ಕೇಳಬಹುದಾದರೆ, ನಾವು ನಲವತ್ತು ಜನರ ಕ್ಲಾಸಿನಲ್ಲಿ ಕೇಳಲು ಯಾಕೆ ನಾಚಬೇಕು?

ಹಾಗಾಗಿ ನಾನು ಮತ್ತು ಇಬ್ಬರು ಗೆಳತಿಯರು ಸೇರಿ ಒಂದು ಕೆಲಸ ಮಾಡಿದ್ದೇವೆ. ಇನ್ನೂರು ಪುಟದ ಒಂದು ಪುಸ್ತಕ ತಂದು ಗ್ರಂಥಾಲಯದ ಪೇಪರ್ ಓದುವ ಟೇಬಲಿನ ಮೇಲೆ ಇಟ್ಟಿದ್ದೇವೆ, ಲೈಬ್ರರಿಯನ್ ಸರ್ ಒಪ್ಪಿದ್ದಾರೆ. ಒಂದು ಪದಕ್ಕೆ ಎರಡು ಪುಟ. ಅರ್ಥ ಬರೆಯುವಂತಿಲ್ಲ, ಪದ ಎಲ್ಲಿ ಸಿಕ್ಕಿತೋ ಆ ವಾಕ್ಯವನ್ನು ಬರೆಯಬೇಕು. ಪಾಠದಲ್ಲಿ, ಪಾಸ್‌ಬುಕ್ಕಿನಲ್ಲಿ, ಔಷಧದ ಚೀಟಿಯಲ್ಲಿ, ಲಾರಿಯ ಹಿಂದೆ, ಎಲ್ಲಿ ಬೇಕಾದರೂ. ಕೆಳಗೆ ಅದನ್ನು ಮನೆಯಲ್ಲಿ ಹೇಗೆ ಹೇಳುತ್ತೀರೋ ಹಾಗೆ, ಕನ್ನಡದಲ್ಲಾಗಲಿ ಉರ್ದುವಿನಲ್ಲಾಗಲಿ ಬರೆಯಬಹುದು. ಹೆಸರು ಹಾಕಬೇಕಿಲ್ಲ. ಬರೆದದ್ದು ತಪ್ಪಿದ್ದರೆ ಯಾರೂ ಹೊಡೆದು ಹಾಕಬಾರದು, ಪಕ್ಕದಲ್ಲಿ ತಮ್ಮ ವಾಕ್ಯ ಬರೆಯಬೇಕು. ಸ್ಟಾಫ್ ಕೂಡ ಬರೆಯಬಹುದು. ಆಫೀಸಿನ ಅಣ್ಣ ಆಗಲೇ ‘ಬ್ಯಾಲೆನ್ಸ್’ ಎಂದು ಒಂದು ಪುಟ ಶುರು ಮಾಡಿ, ಸೈಕಲ್ಲು, ಫೀಸು, ಸಿಮ್ ಕಾರ್ಡು ಮೂರನ್ನೂ ಬರೆದಿದ್ದಾರೆ.

ಮೊದಲ ಎರಡು ಪುಟ ‘ಚಾರ್ಜ್’. ಅದರಲ್ಲಿ ಮೊದಲ ವಾಕ್ಯ ಆ ಪತ್ರದ್ದೇ, ನಾನು ಓದಿದ ತಪ್ಪು ಅರ್ಥವನ್ನೂ ಕೆಳಗೆ ಬರೆದಿದ್ದೇನೆ. ಮುಂದಿನ ಎರಡು ಪುಟಗಳ ಮೇಲೆ ‘ಇಂಟರೆಸ್ಟ್’ ಎಂದು ತಲೆಬರಹ ಹಾಕಿ ಖಾಲಿ ಬಿಟ್ಟಿದ್ದೇನೆ. ರಾಮದುರ್ಗದ ನಮ್ಮ ಸಹಪಾಠಿಯ ಹತ್ತಿರ ಹೋಗಿ, ಅವತ್ತು ನಕ್ಕದ್ದಕ್ಕೆ ಮಾಫಿ ಕೇಳಿ, ಆ ಪುಟದಲ್ಲಿ ಮೊದಲು ನೀನೇ ಬರೆ ಎಂದು ಹೇಳಿದೆ. ಅವನು “ನೋಡೋಣು” ಎಂದ. ಈ ಲೇಖನ ಕೊಡುವ ದಿನದವರೆಗೆ ಬರೆದಿಲ್ಲ. ಪುಟ ಅವನಿಗಾಗಿ ಹಾಗೇ ಇದೆ, ಬೇರೆಯವರು ದಯವಿಟ್ಟು ‘ಬ್ಯಾಲೆನ್ಸ್’ನಿಂದ ಮುಂದಕ್ಕೆ ಬರೆಯಿರಿ.